ಐವತ್ತೆರಡನೆಯ ಸ್ಥಾನ ಖಾಲಿ

ವಯನಾಡಿನ ಕಲ್ಲೂರು ನನ್ನ ಕಂಪ್ಯೂಟರಿನ ಪರದೆಯ ಮೇಲೆ ಎರಡು ರೂಪದಲ್ಲಿ ಬಂತು. ಒಂದು ಕಡೆ ‘ಕಲ್ಲೂರ್’ ಎಂದು ನೆಟ್ಟಗೆ ಇತ್ತು. ಇನ್ನೊಂದು ಕಡೆ ‘ಕಲ್ಲೂ’ ಅಂತ ಬಂದು ಅದರ ಮುಂದೆ ಖಾಲಿ ಚೌಕವೊಂದು ನಿಂತಿತ್ತು. ಕಲ್ಲೂರು ಸೇರಿರುವ ಪಂಚಾಯಿತಿಯ ಗತಿ ಇನ್ನೂ ಕೆಟ್ಟದ್ದು: ‘ನೂ’, ಆಮೇಲೆ ಚೌಕ, ‘ಪ್ಪು’, ಮತ್ತೆ ಚೌಕ. ಅದು ನೂಲ್ಪುೞ ಪಂಚಾಯಿತಿ.

ಸುಲ್ತಾನ್ ಬತ್ತೇರಿಯಿಂದ ಮುತ್ತಂಗದ ಕಾಡು ಹಾದು ಗುಂಡ್ಲುಪೇಟೆಗೆ ಬರುವ ಹೆದ್ದಾರಿಯಲ್ಲಿ ಈ ಕಲ್ಲೂರು ಸಿಗುತ್ತದೆ. ಸುತ್ತಲ ಹಾಡಿಗಳಲ್ಲಿ ಕಾಟ್ಟುನಾಯ್ಕರಿದ್ದಾರೆ, ಅವರ ಮಾತು ಕನ್ನಡಕ್ಕೆ ಹತ್ತಿರದ್ದು. ನಮ್ಮ ಗುಬ್ಬಿ ತಾಲ್ಲೂಕಿನಲ್ಲೊಂದು ಕಲ್ಲೂರಿದೆ, ರಾಯಚೂರು ಜಿಲ್ಲೆಯಲ್ಲೊಂದಿದೆ. ಗಡಿಯಾಚೆಯ ಈ ಊರನ್ನು ಅವುಗಳ ಜೊತೆ ಬೆರೆಸದಂತೆ ಹೆಸರುಗಳ ಪಟ್ಟಿಯೊಂದನ್ನು ಮಾಡಬೇಕಿತ್ತು, ಮಲಯಾಳ ಲಿಪಿಯಲ್ಲೂ ಕನ್ನಡ ಲಿಪಿಯಲ್ಲೂ. ಹೆದ್ದಾರಿಗೇ ಎರಡು ಹೆಸರು: ಹಿಂದೆ 212, ಈಗ 766. ಹಳೆಯ ನಂಬರು ಜನರ ಬಾಯಲ್ಲಿ ಇನ್ನೂ ಸತ್ತಿಲ್ಲ. ಆದರೆ ರಸ್ತೆಯ ನಂಬರು ತಪ್ಪಿ ಹೇಳಿದರೆ ದಾರಿ ತಪ್ಪುವುದಿಲ್ಲ, ಅಕ್ಷರದ ನಂಬರು ತಪ್ಪಿದರೆ ಊರೇ ಪಟ್ಟಿಯಿಂದ ಬಿದ್ದುಹೋಗುತ್ತದೆ. ಚೌಕಗಳ ಹಿಂದೆ ಬಿದ್ದದ್ದು ಅದಕ್ಕೆ.

ಮಲಯಾಳದ ಹೆಸರನ್ನು ಕನ್ನಡಕ್ಕೆ ತರಲು ಎಲ್ಲರೂ ಬಳಸುವ ಸುಲಭದ ಉಪಾಯವೊಂದಿದೆ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಹದಿನಾರರ ಲೆಕ್ಕದಲ್ಲಿ ಬರೆಯುವ ಆ ಸಂಖ್ಯೆಗಳನ್ನು ನಮ್ಮ ದಶಮಾನಕ್ಕೆ ಇಳಿಸಿದರೆ ದೇವನಾಗರಿ 2304ರಿಂದ, ತಮಿಳು 2944ರಿಂದ, ತೆಲುಗು 3072ರಿಂದ, ಕನ್ನಡ 3200ರಿಂದ, ಮಲಯಾಳ 3328ರಿಂದ ಆರಂಭ. ಒಂದೊಂದು ಲಿಪಿಗೂ 128 ಸ್ಥಾನ. ಒಳಗಿನ ಜೋಡಣೆಯೂ ಬಹುಮಟ್ಟಿಗೆ ಒಂದೇ: ಎಲ್ಲ ಲಿಪಿಯಲ್ಲೂ ‘ಕ’ 21ನೆಯ ಸ್ಥಾನದಲ್ಲಿ, ‘ಲ’ 50ರಲ್ಲಿ (ಎಣಿಕೆ ಸೊನ್ನೆಯಿಂದ). ಹೀಗಾಗಿ ಮಲಯಾಳದ ಅಕ್ಷರದ ಸಂಖ್ಯೆಯಿಂದ 128 ಕಳೆದರೆ ಅದೇ ಉಚ್ಚಾರದ ಕನ್ನಡ ಅಕ್ಷರ ಸಿಗುತ್ತದೆ. ನಾಲ್ಕು ಸಾಲಿನ ಪ್ರೋಗ್ರಾಂ ಸಾಕು.

ಈ ಅನುಕೂಲ ಯೂನಿಕೋಡ್‌ನವರು ಕಂಡುಹಿಡಿದದ್ದಲ್ಲ. ಅದು ಬಂದದ್ದು ಇಸ್ಕಿಯಿಂದ, ಅಂದರೆ ಭಾರತದ ಲಿಪಿಗಳಿಗೆಂದು ಇಲ್ಲೇ ರೂಪಿಸಿದ ಸಂಕೇತ ಪದ್ಧತಿಯಿಂದ. ಎಲ್ಲ ಲಿಪಿಗೂ ಒಂದೇ ಕೋಷ್ಟಕ, ಲಿಪಿ ಬದಲಾಯಿಸಲು ಒಂದು ಸೂಚನೆ, ಇಷ್ಟೇ ಅದರ ಉಪಾಯ. 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಅದನ್ನು ‘ಐಎಸ್ 13194’ ಎಂಬ ಮಾನಕವಾಗಿ ಹೊರತಂದಿತು. ತಮಾಷೆಯೆಂದರೆ ಯೂನಿಕೋಡ್ ತನ್ನ ಭಾರತೀಯ ಲಿಪಿಗಳ ಜೋಡಣೆಗೆ ಆಧಾರ ಮಾಡಿಕೊಂಡದ್ದು 1988ರ ಇಸ್ಕಿಯನ್ನು. ನಮ್ಮ ಮಾನಕ ಪರಿಷ್ಕಾರಗೊಳ್ಳುವ ಹೊತ್ತಿಗೆ ಅದರ ಹಳೆಯ ರೂಪ ಜಗತ್ತಿನ ಮಾನಕದೊಳಗೆ ಹೋಗಿ ಕುಳಿತಿತ್ತು.

ಹಾಗಾದರೆ ಕಲ್ಲೂರಿನ ಕೊನೆಗೆ ಚೌಕ ಏಕೆ ಬಂತು?

ಮಲಯಾಳದಲ್ಲಿ ಈ ಹೆಸರು ಮುಗಿಯುವುದು ‘ಚಿಲ್ಲು’ ಅಕ್ಷರದಿಂದ. ಸ್ವರವಿಲ್ಲದ ರ್, ಲ್, ನ್, ಣ್, ಳ್ ಮೊದಲಾದವಕ್ಕೆ ಮಲಯಾಳದಲ್ಲಿ ಬೇರೆಯೇ ಆಕಾರವಿದೆ. ಅದನ್ನು ಕಂಪ್ಯೂಟರಿಗೆ ತಿಳಿಸಲು ಮೊದಲಿದ್ದ ವಿಧಾನ ಮೂರು ತುಂಡಿನದು: ‘ರ’, ವಿರಾಮಚಿಹ್ನೆ, ಆಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ. ನಾವು ‘ರ‍್ಯಾಲಿ’, ‘ರ‍್ಯಾಂಕ್’ ಬರೆಯುವಾಗಲೂ ಈ ಜೋಡಕವನ್ನೇ ಬಳಸುತ್ತೇವೆ. 2008ರ ಏಪ್ರಿಲ್‌ನಲ್ಲಿ ಯೂನಿಕೋಡ್ 5.1 ಬಂದಾಗ ಆರು ಚಿಲ್ಲುಗಳಿಗೆ ಆರು ಪ್ರತ್ಯೇಕ ಸಂಖ್ಯೆ ಸಿಕ್ಕಿತು. ಚಿಲ್ಲು ‘ರ್’ 3452 ಆಯಿತು. ಹೊಸದಾಗಿ ಬರೆಯುವವರು ಇದನ್ನೇ ಬಳಸಬೇಕು ಎಂದಾಯಿತು. ಹಳೆಯ ಮೂರು ತುಂಡಿನ ಬರಹವನ್ನು ಯಾರೂ ರದ್ದು ಮಾಡಲಿಲ್ಲ, ಮಾಡುವಂತೆಯೂ ಇರಲಿಲ್ಲ.

ನನ್ನ ಕೈಯಲ್ಲಿದ್ದ ಎರಡು ಮಲಯಾಳ ಪಟ್ಟಿಗಳಲ್ಲಿ ಒಂದು ಹಳೆಯ ವಿಧಾನದಲ್ಲಿ ಟೈಪಾದದ್ದು, ಇನ್ನೊಂದು ಹೊಸದರಲ್ಲಿ. ಹಳೆಯದಕ್ಕೆ 128 ಕಳೆದರೆ ರ, ವಿರಾಮ ಎರಡೂ ಕನ್ನಡದಲ್ಲಿ ಸರಿಯಾಗಿ ಬಂದು ಕೂರುತ್ತವೆ. ಹೊಸದಕ್ಕೆ ಕಳೆದರೆ 3324 ಬರುತ್ತದೆ. ಕನ್ನಡದಲ್ಲಿ ಆ ಸ್ಥಾನದಲ್ಲಿ ಯಾರೂ ಇಲ್ಲ. ಸುಧಾರಣೆಯಾದ ಬರಹ ಮುರಿಯಿತು, ಬಿಟ್ಟುಬಿಡಿ ಎಂದಿದ್ದ ಬರಹ ಉಳಿಯಿತು. ಪ್ರೋಗ್ರಾಂ ಬರೆಯುವವರಿಗೆ ಇದು ಹೊಸ ಕಥೆಯಲ್ಲ. ಹಳೆಯ ಮೆಥಡನ್ನು ಬದಿಗೆ ಸರಿಸಿ ಹೊಸತನ್ನು ಕೊಟ್ಟಾಗ ಮುರಿಯುವುದು ಸಾಮಾನ್ಯವಾಗಿ ಆ ಹಳೆಯ ಮೆಥಡ್ ಅಲ್ಲ, ಎರಡೂ ಒಂದೇ ಎಂದು ನಂಬಿ ಮಧ್ಯದಲ್ಲಿ ಕೂತಿರುವ ಮೂರನೆಯವರ ಪ್ರೋಗ್ರಾಂ.

ಚಿಲ್ಲಿನ ಜಗಳದ ದಾಖಲೆಗಳನ್ನು ಓದುತ್ತಾ ಹೋದರೆ ಎರಡು ಪಕ್ಷದಲ್ಲೂ ನ್ಯಾಯವಿತ್ತು ಅನ್ನಿಸುತ್ತದೆ. ಬೇರೆ ಸಂಖ್ಯೆ ಬೇಕು ಎಂದವರು ‘ವನ್ಯವನಿಕ’ ಮತ್ತು ‘ವನ್‌ಯವನಿಕ’ ಎಂಬ ಜೋಡಿಯನ್ನು ಮುಂದಿಡುತ್ತಿದ್ದರು. ಮೊದಲನೆಯದಕ್ಕೆ ಕಾಡಿನ ಸಂಬಂಧದ ಅರ್ಥ, ಎರಡನೆಯದು ದೊಡ್ಡ ಪರದೆ. ಹಳೆಯ ವಿಧಾನದಲ್ಲಿ ಇವೆರಡರ ನಡುವೆ ಇದ್ದ ವ್ಯತ್ಯಾಸ ಆ ಕಾಣದ ಜೋಡಕವೊಂದೇ. ಇಂಟರ್‌ನೆಟ್ ವಿಳಾಸಗಳ ಅಂದಿನ ನಿಯಮವೋ ಆ ಜೋಡಕವನ್ನು ಕಂಡಲ್ಲಿ ಕಿತ್ತೆಸೆಯುತ್ತಿತ್ತು. ವಿರೋಧಿಸಿದವರಲ್ಲಿ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರೂ ಇದ್ದರು. ಆಗಲೇ ಬರೆದಿಟ್ಟ ಮಲಯಾಳವೆಲ್ಲ ಹಳೆಯ ವಿಧಾನದಲ್ಲಿದೆ, ನೋಟಕ್ಕೆ ಒಂದೇ ಆಗಿರುವ ಪದಕ್ಕೆ ಎರಡು ಬರಹ ಬಂದರೆ ಹುಡುಕಾಟ ಕೆಡುತ್ತದೆ, ಮೋಸದ ವಿಳಾಸಗಳಿಗೂ ದಾರಿಯಾಗುತ್ತದೆ ಎಂಬುದು ಆ ಪಕ್ಷದ ವಾದ. ಈ ಆತಂಕ ನಿಜವಾಯಿತು. ಕನ್ನಡದ ‘ಕೋ’ದಲ್ಲಿರುವ ಸ್ವರಚಿಹ್ನೆಯನ್ನು ಒಂದೇ ಸಂಖ್ಯೆಯಾಗಿ ಬರೆದರೂ ಮೂರು ತುಂಡಾಗಿ ಬರೆದರೂ ಯೂನಿಕೋಡ್ ಎರಡನ್ನೂ ಸಮ ಎಂದು ಎಣಿಸುತ್ತದೆ. ಚಿಲ್ಲಿನ ಹಳೆಯ, ಹೊಸ ಬರಹಗಳಿಗೆ ಆ ಸಮತ್ವವಿಲ್ಲ. ಎರಡು ಕಲ್ಲೂರುಗಳನ್ನು ಅಕ್ಷರಕ್ಕಕ್ಷರ ಹೋಲಿಸಿದರೆ ಅವು ಬೇರೆ ಬೇರೆ ಊರು.

ಹಳಗನ್ನಡದ ಬರಹದಲ್ಲೂ ಸ್ವರವಿಲ್ಲದ ‘ನ್’ಗೆ ಇಂಥದೇ ಬೇರೆ ಆಕಾರವೊಂದಿತ್ತು, ‘ನಕಾರ ಪೊಲ್ಲು’. ಅದಕ್ಕೆ 2021ರಲ್ಲಿ 14.0 ಆವೃತ್ತಿಯಲ್ಲಿ 3293 ಎಂಬ ಸ್ಥಾನ ಸಿಕ್ಕಿತು. ಅದರ ಪಕ್ಕದ 3294ರಲ್ಲಿ ಕುಳಿತಿರುವ ಅಕ್ಷರವೇ ನನ್ನ ಎರಡನೆಯ ಚೌಕದ ಆಸಾಮಿ.

ನೂಲ್ಪುೞದ ಕೊನೆಯ ಅಕ್ಷರ. ತಮಿಳು, ಮಲಯಾಳಗಳಲ್ಲಿ ಈಗಲೂ ಬಳಕೆಯಲ್ಲಿರುವುದು, ಕನ್ನಡದಲ್ಲಿ ಕಳೆದುಹೋದದ್ದು. ಏೞ್, ಕೋೞಿ, ಬಾೞೆ ಎಂದು ಬರೆಯುತ್ತಿದ್ದ ಕಾಲ ಹೋಗಿ ಏಳು, ಕೋಳಿ, ಬಾಳೆ ಆದವು. 13ನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆಯುವ ಹೊತ್ತಿಗೆ ಯಾವ ಪದದಲ್ಲಿ ೞ, ಯಾವುದರಲ್ಲಿ ಳ ಎಂಬುದು ಕಿವಿಗೆ ತಿಳಿಯುವ ಸಂಗತಿಯಾಗಿ ಉಳಿದಿರಲಿಲ್ಲ. ಅದಕ್ಕೇ ಆತ ಆ ಪದಗಳನ್ನು ಪಟ್ಟಿ ಮಾಡಿ ಕೊಟ್ಟ. ಬಳಕೆ ತಪ್ಪಿದ್ದನ್ನು ಮತ್ತೆ ಬಳಸಿ ಎಂಬ ಹಟ ಅದರಲ್ಲಿತ್ತೋ ಏನೋ, ನನಗೆ ಮುಖ್ಯವಾಗಿ ಕಾಣುವುದು ಬೇರೆ: ಆ ಪಟ್ಟಿ ಇಲ್ಲದಿದ್ದರೆ ಹಿಂದಿನ ಕಾವ್ಯ ಓದುವವರಿಗೆ ಕಷ್ಟವಾಗುತ್ತಿತ್ತು. ಇಂದು ಕನ್ನಡ ಪತ್ರಿಕೆಗಳಲ್ಲಿ ಕೋಝಿಕ್ಕೋಡ್, ಕೋಯಿಕ್ಕೋಡ್, ಕೋಳಿಕ್ಕೋಡ್ ಮೂರೂ ಕಾಣುತ್ತವೆ. ಇದ್ದ ಅಕ್ಷರವನ್ನು ಬಿಟ್ಟ ಫಲ.

ಸರಿ, ಅಕ್ಷರ ಯೂನಿಕೋಡ್‌ನಲ್ಲಿ ಇದೆಯಲ್ಲ, ಮತ್ತೆ ಚೌಕ ಏಕೆ? ಕೋಷ್ಟಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ದೇವನಾಗರಿಯಲ್ಲಿ ೞಕಾರ 52ನೆಯ ಸ್ಥಾನದಲ್ಲಿದೆ (2356). ತಮಿಳಿನಲ್ಲಿ 52 (2996). ಮಲಯಾಳದಲ್ಲಿ 52 (3380). ತೆಲುಗಿಗೆ ಈ ಅಕ್ಷರ ಬಂದದ್ದು ತಡವಾಗಿ, 2014ರ 7.0 ಆವೃತ್ತಿಯಲ್ಲಿ, ಅದನ್ನೂ 52ರಲ್ಲೇ ಕೂರಿಸಿದರು (3124). ಕನ್ನಡದ 52ನೆಯ ಸ್ಥಾನ, ಅಂದರೆ 3252, ಖಾಲಿ. ಳ ಆದ ಮೇಲೆ ಒಂದು ತೂತು, ಆಮೇಲೆ ವ. ನಮ್ಮ ೞ ಇರುವುದು ಸಾಲಿನ ಬಹಳ ಕೆಳಗೆ, 94ನೆಯ ಸ್ಥಾನದಲ್ಲಿ. ಅದರ ಅಧಿಕೃತ ಹೆಸರು ಓದಿದರೆ ನಗು ಬರುತ್ತದೆ: ‘ಕನ್ನಡ ಲೆಟರ್ ಫ’.

ಫ! ಇಂಗ್ಲಿಷಿನ ‘ಎಫ್’ ಉಚ್ಚಾರದ ಫ.

ದೇವನಾಗರಿಯಲ್ಲೂ ಗುರುಮುಖಿಯಲ್ಲೂ 94ನೆಯ ಸ್ಥಾನದಲ್ಲಿ ಏನಿದೆ ಎಂದು ನೋಡಿದಾಗ ಗಂಟು ಬಿಚ್ಚಿತು. ಅಲ್ಲಿರುವುದು ಚುಕ್ಕಿ ಹಾಕಿದ ‘ಫ’, ‘ಫೋನ್’, ‘ಫಾರಸಿ’ಗಳಲ್ಲಿ ಬರುವ ಫ. ಕನ್ನಡದ ೞ ಯಾವುದೋ ಕೈತಪ್ಪಿನಿಂದ ಆ ಸ್ಥಾನಕ್ಕೆ ಬಂದು ಸ್ಥಾನದ ಹೆಸರನ್ನು ಹೊತ್ತಿದೆ ಎಂದು ಊಹಿಸುವುದು ಕಷ್ಟವಲ್ಲ. ಊಹೆಯನ್ನು ಪರೀಕ್ಷಿಸಲು ಹಿಂದಿಯ ಪದವೊಂದನ್ನು ಅದೇ ಉಪಾಯದಿಂದ ಕನ್ನಡಕ್ಕೆ ತಂದೆ. ದೇವನಾಗರಿಯಿಂದ ಕನ್ನಡಕ್ಕೆ 896 ಕೂಡಿಸಬೇಕು. ಚುಕ್ಕಿ ಫಕಾರದ 2398ಕ್ಕೆ 896 ಸೇರಿಸಿದರೆ ಸರಿಯಾಗಿ 3294. ‘ಫೋನ’ ಎಂಬುದು ‘ೞೋನ’ ಆಗಿ ಬಂತು. ಅತ್ತ ಮಲಯಾಳದಿಂದ ಬಂದ ನಿಜವಾದ ೞ ಖಾಲಿ ಸ್ಥಾನಕ್ಕೆ ಬಿದ್ದು ಚೌಕವಾಗಿದೆ. ನಮಗೆ ನಿಜಕ್ಕೂ ಫ಼ ಬೇಕಾದಾಗ? ‘ಫ’ದ ಜೊತೆ ನುಕ್ತಾ ಚುಕ್ಕಿ ಸೇರಿಸಬೇಕು, ಆ ಚುಕ್ಕಿಯೂ ಕನ್ನಡಕ್ಕೆ ಬಂದದ್ದು 2003ರ 4.0 ಆವೃತ್ತಿಯಲ್ಲಿ.

ಈ ತಪ್ಪು ಯೂನಿಕೋಡ್‌ನವರಿಗೆ ತಿಳಿಯದ್ದಲ್ಲ. ಆಸ್ಮಸ್ ಫ್ರೈಟಾಗ್, ರಿಕ್ ಮೆಕ್‌ಗೋವನ್, ಕೆನ್ ವಿಸ್ಲರ್ ಸೇರಿ ಬರೆದ ತಾಂತ್ರಿಕ ಟಿಪ್ಪಣಿ 27 ಇಂಥ ಹೆಸರಿನ ಎಡವಟ್ಟುಗಳಿಗೇ ಮೀಸಲು. ಅದರಲ್ಲಿ ನಮ್ಮ ೞ ಇದೆ. ಲಾವೋ ಭಾಷೆಯ ಅಕ್ಷರಗಳಿವೆ. ಇಂಗ್ಲಿಷಿನ ‘ಬ್ರಾಕೆಟ್’ ಎಂಬ ಪದದಲ್ಲೇ ಎರಡು ಅಕ್ಷರ ಅದಲುಬದಲಾದ ಚಿಹ್ನೆಯೊಂದಿದೆ. ಅಧಿಕೃತ ಕೋಷ್ಟಕದಲ್ಲೂ ೞಕಾರದ ಕೆಳಗೆ ಹೆಸರು ತಪ್ಪು ಎಂಬ ಷರಾ ಇದೆ. ಇಷ್ಟೆಲ್ಲ ಗೊತ್ತಿದ್ದೂ ಹೆಸರನ್ನು ತಿದ್ದಿಲ್ಲ, ತಿದ್ದುವುದೂ ಇಲ್ಲ. ಯೂನಿಕೋಡ್‌ನ ಸ್ಥಿರತಾ ನೀತಿ ಹಾಗೆ ಹೇಳುತ್ತದೆ: ಒಮ್ಮೆ ಕೊಟ್ಟ ಸ್ಥಾನ ಬದಲಾಗದು, ಅಕ್ಷರ ತೆಗೆಯಲಾಗದು, ಹೆಸರು ಬದಲಾಗದು.

ಮೊದಲು ಓದಿದಾಗ ಇದು ಸರ್ಕಾರಿ ಕಚೇರಿಯ ಮೊಂಡುತನದಂತೆ ಕಂಡೀತು. ಹಾಗಲ್ಲ ಎಂದು ತಿಳಿಯಲು 1996ಕ್ಕೆ ಹೋಗಬೇಕು. ಆ ವರ್ಷ 2.0 ಆವೃತ್ತಿ ಬಂದಾಗ ಕೊರಿಯನ್ ಹಂಗುಲ್ ಅಕ್ಷರಗಳನ್ನು ಹಿಂದಿದ್ದ ಜಾಗದಿಂದ ಕಿತ್ತು ಹೊಸ ಜಾಗದಲ್ಲಿ ಇಟ್ಟರು. 6,656 ಇದ್ದವು 11,172 ಆದವು, ಜೋಡಣೆ ಅಚ್ಚುಕಟ್ಟಾಯಿತು. ಆದರೆ 1.1ರ ಪ್ರಕಾರ ಬರೆದಿಟ್ಟಿದ್ದ ಕೊರಿಯನ್ ಬರಹಕ್ಕೆ ಅರ್ಥವೇ ಇಲ್ಲದಂತಾಯಿತು. ಟಿಬೆಟನ್ ಲಿಪಿಯದೂ ಹೆಚ್ಚುಕಡಿಮೆ ಇದೇ ಪಾಡು: ಮೊದಲು ಸೇರಿಸಿ, ಆಮೇಲೆ ತೆಗೆದು, 2.0ದಲ್ಲಿ ಬೇರೆ ಜಾಗದಲ್ಲಿ ಮತ್ತೆ ಇಟ್ಟರು. ಬಳಕೆದಾರರು ಕಡಿಮೆ ಇದ್ದ ಕಾಲವಾದ್ದರಿಂದ ನಡೆದುಹೋಯಿತು. ಸ್ಥಾನವೂ ಹೆಸರೂ ಇನ್ನು ಕದಲಬಾರದು ಎಂಬ ವಾಗ್ದಾನ ಅನ್ವಯವಾಗುವುದು ಆ 2.0 ಆವೃತ್ತಿಯಿಂದಲೇ.

ಬರೀ ಹೆಸರು ಬದಲಾದರೆ ಏನು ನಷ್ಟ ಎಂದು ಕೇಳಬಹುದು. ಹೆಸರು ಓದುವುದಕ್ಕಷ್ಟೇ ಇರುವುದಾದರೆ ನಷ್ಟವಿಲ್ಲ. ಆದರೆ ಪರ್ಲ್, ಪೈಥಾನ್ ಮುಂತಾದ ಭಾಷೆಗಳಲ್ಲಿ ಅಕ್ಷರವನ್ನು ಹೆಸರಿನಿಂದಲೇ ಕರೆಯಬಹುದು. ಎಲ್ಲೋ ಯಾರೋ ‘ಕನ್ನಡ ಲೆಟರ್ ಫ’ ಎಂದು ಕರೆದು ೞ ತರಿಸಿಕೊಳ್ಳುವ ಪ್ರೋಗ್ರಾಂ ಬರೆದಿದ್ದರೆ, ಹೆಸರು ತಿದ್ದಿದ ದಿನ ಅದು ನಿಲ್ಲುತ್ತದೆ. ಬರೆದವರಿಗೆ ಸುದ್ದಿಯೂ ಇರುವುದಿಲ್ಲ.

ಹಾಗಾಗಿ ಕಂಡುಕೊಂಡ ದಾರಿ ಬೇರೆ. 2006ರ 5.0 ಆವೃತ್ತಿಯಲ್ಲಿ ಅಧಿಕೃತ ಅಡ್ಡಹೆಸರುಗಳ ಚಿಕ್ಕ ಕಡತವೊಂದನ್ನು ಸೇರಿಸಿದರು. ತಪ್ಪು ಹೆಸರು ಹಾಗೇ ಇರಲಿ, ಸರಿ ಹೆಸರೂ ಚಲಾವಣೆಗೆ ಬರಲಿ ಎಂದು. ಆ ಮೊದಲ ಪಟ್ಟಿಯಲ್ಲೇ ನಮ್ಮ ೞ ಇತ್ತು. ಇದರ ಫಲವನ್ನು ಪೈಥಾನ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ೞ ಕೊಟ್ಟು ನಿನ್ನ ಹೆಸರೇನು ಎಂದು ಕೇಳಿದರೆ ಅದು ಇವತ್ತೂ ‘ಫ’ ಎಂದೇ ಹೇಳುತ್ತದೆ. ಆದರೆ ಸರಿ ಹೆಸರಿನಿಂದ ಕರೆದರೆ, 3.3 ಆವೃತ್ತಿಯಿಂದ ಈಚೆಗೆ, ಓಗೊಟ್ಟು ಬರುತ್ತದೆ. ಇದು ನನಗೆ ಬಹಳ ಹಿಡಿಸಿದ ವ್ಯವಸ್ಥೆ. ಹಳೆಯ ಕರೆಗೆ ಹಳೆಯ ಉತ್ತರ, ಹೊಸ ಕರೆಗೂ ಬಾಗಿಲು ತೆರೆದಿದೆ.

ಪ್ರೋಗ್ರಾಮರುಗಳು ‘ಡೆಪ್ರಿಕೇಟ್’ ಮಾಡುವುದು ಅಂದರೆ ಸಾಮಾನ್ಯವಾಗಿ ಇನ್ನು ಇದನ್ನು ಬಳಸಬೇಡಿ ಎಂಬ ಎಚ್ಚರಿಕೆ. ಜಾವಾದಲ್ಲಿ ದಿನಾಂಕದಿಂದ ವರ್ಷ ಕೇಳುವ ಹಳೆಯ ಮೆಥಡ್ ಇಸವಿಯಿಂದ 1900 ಕಳೆದು ಉತ್ತರ ಕೊಡುತ್ತದೆ. 1997ರಲ್ಲೇ ಅದಕ್ಕೆ ಈ ಮುದ್ರೆ ಬಿತ್ತು. ಈಗಲೂ ಅದು ಜೀವಂತವಾಗಿದೆ. ಎಚ್ಚರಿಕೆ ಬೇರೆ, ತೆಗೆದುಹಾಕುವುದು ಬೇರೆ ಎಂದು ಬಿಡಿಸಿ ಹೇಳುವ ಗುರುತು ಜಾವಾಕ್ಕೆ ಬಂದದ್ದು 2017ರಲ್ಲಿ. ಯೂನಿಕೋಡ್‌ನಲ್ಲೂ ಈ ಮುದ್ರೆ ಬಿದ್ದ ಅಕ್ಷರಗಳಿವೆ, ಖ್ಮೇರ್ ಲಿಪಿಯ ಎರಡು ಸ್ವರಗಳೂ ಸೇರಿ ಎಲ್ಲ ಒಟ್ಟು ಹದಿನೈದು. ಒಂದನ್ನೂ ಕಿತ್ತಿಲ್ಲ. ಇನ್ನೊಂದು ತುದಿಯಲ್ಲಿ ಪೈಥಾನ್ ಇದೆ. ಪಠ್ಯವನ್ನೆಲ್ಲ ಯೂನಿಕೋಡ್ ಮಾಡಿಕೊಳ್ಳಲು ಅದು 2008ರಲ್ಲಿ ಹಳೆಯದನ್ನು ಮುರಿದು 3.0 ತಂದಿತು. ಎರಡನೆಯ ಪೈಥಾನ್‌ಗೆ ಬೆಂಬಲ 2015ಕ್ಕೆ ನಿಲ್ಲಬೇಕಿತ್ತು. ಜನ ಬಿಟ್ಟು ಬರಲಿಲ್ಲವಾಗಿ ಗಡುವು ಮುಂದೆ ಹೋಗಿ, ಕೊನೆಗೆ 2020ರ ಜನವರಿ 1ಕ್ಕೆ ನಿಂತಿತು. ಮುರಿಯುವ ನಿರ್ಧಾರ ಒಂದು ದಿನದ್ದು, ಅದರ ಖರ್ಚು ಹನ್ನೆರಡು ವರ್ಷದ್ದು.

ಹುಡುಕಾಟದಲ್ಲಿ ನಾನು ನಿರೀಕ್ಷಿಸದೆ ಸಿಕ್ಕಿದ ದಾಖಲೆಯೆಂದರೆ 2011ರ ನವೆಂಬರಿನ ಆರ್‌ಎಫ್‌ಸಿ 6452. ಇಂಟರ್‌ನೆಟ್ಟಿನ ನಿಯಮಗಳನ್ನು ಪ್ರಕಟಿಸುವ ಸಾಲಿಗೆ ಸೇರಿದ್ದು, ಬರೆದವರು ಪ್ಯಾಟ್ರಿಕ್ ಫಾಲ್ಟ್‌ಸ್ಟ್ರೋಮ್ ಮತ್ತು ಪೌಲ್ ಹಾಫ್‌ಮನ್. ಬರೀ ಮೂರು ಅಕ್ಷರಗಳ ಬಗ್ಗೆ ಬರೆದ ಪುಟ್ಟ ದಾಖಲೆ, ಮೂರರಲ್ಲಿ ಎರಡು ಕನ್ನಡದವು: ಜಿಹ್ವಾಮೂಲೀಯ ಮತ್ತು ಉಪಧ್ಮಾನೀಯ. ಕ, ಖ ಮುಂದಿರುವಾಗ ವಿಸರ್ಗದ ಬದಲಿಗೆ ಬರುವುದು ೱ, ಪ, ಫ ಮುಂದಿರುವಾಗ ಬರುವುದು ೲ. ಕನ್ನಡ ಲಿಪಿಯಲ್ಲಿ ಸಂಸ್ಕೃತ ಬರೆಯುವವರ ಹೊರತು ಇವನ್ನು ಇಂದು ಕಂಡವರೇ ಕಡಿಮೆ.

ಆದದ್ದಿಷ್ಟು. ಈ ಎರಡು ಅಕ್ಷರ 2006ರಲ್ಲಿ ಯೂನಿಕೋಡ್‌ಗೆ ಸೇರಿದಾಗ ‘ಚಿಹ್ನೆ’ ಎಂಬ ವರ್ಗದಲ್ಲಿದ್ದವು, ಅಕ್ಷರವೆಂದು ಎಣಿಸಿರಲಿಲ್ಲ. 2010ರ ಆಗಸ್ಟಿನಲ್ಲಿ ಇಂಗ್ಲಿಷೇತರ ಲಿಪಿಗಳಲ್ಲಿ ಇಂಟರ್‌ನೆಟ್ ವಿಳಾಸ ಬರೆಯುವ ಹೊಸ ನಿಯಮಗಳು ಪ್ರಕಟವಾದವು. ಆ ನಿಯಮದಲ್ಲಿ ಅಕ್ಷರಕ್ಕೆ ಪ್ರವೇಶವಿದೆ, ಚಿಹ್ನೆಗಿಲ್ಲ. ಮುಂದೆ ಯೂನಿಕೋಡ್ ತನ್ನ ವರ್ಗೀಕರಣ ಬದಲಾಯಿಸಿದರೆ ಹಳೆಯ ವಿಳಾಸಗಳು ಕೆಡಬಾರದೆಂದು, ‘ಹಿಂದಿನದಕ್ಕೆ ಹೊಂದಿಕೆ’ ಎಂಬ ಒಂದು ಪಟ್ಟಿಯನ್ನೂ ನಿಯಮದೊಳಗೆ ಖಾಲಿ ಬಿಟ್ಟಿದ್ದರು. ಅಕ್ಟೋಬರಿನಲ್ಲೇ ಯೂನಿಕೋಡ್ 6.0 ಬಂತು. ಅದು ಕನ್ನಡದ ಈ ಎರಡನ್ನು ಅಕ್ಷರಗಳ ವರ್ಗಕ್ಕೆ ಸೇರಿಸಿತು. ನಿನ್ನೆಯವರೆಗೆ ವಿಳಾಸದಲ್ಲಿ ನಿಷಿದ್ಧವಾಗಿದ್ದವು ಇವತ್ತು ಸಮ್ಮತ. ಅದೇ ಹೊತ್ತಿಗೆ ಚೀನಾದ ನೈಋತ್ಯ ಭಾಗದ ನ್ಯೂ ತಾಯ್ ಲ್ಯೂ ಲಿಪಿಯ ‘ಒಂದು’ ಎಂಬ ಅಂಕಿಗೆ ಇದರ ಉಲ್ಟಾ ಆಯಿತು: ಸಮ್ಮತವಾಗಿದ್ದದ್ದು ನಿಷಿದ್ಧವಾಯಿತು.

ಖಾಲಿ ಪಟ್ಟಿಗೆ ಇವನ್ನು ಹಾಕಬೇಕೆ? ಇದು ಆ ಪಟ್ಟಿ ಎದುರಿಸಿದ ಮೊದಲ ಪರೀಕ್ಷೆ, ಪರೀಕ್ಷೆಗೆ ಕಾರಣರಾದವರಲ್ಲಿ ನಮ್ಮ ಲಿಪಿಯವರೇ ಹೆಚ್ಚು. ಕನ್ನಡದ ಎರಡರ ವಿಷಯದಲ್ಲಿ ತೊಂದರೆ ಇರಲಿಲ್ಲ. ನಿಷೇಧ ಹೋಗಿ ಅನುಮತಿ ಬಂದರೆ ಹಳೆಯ ವಿಳಾಸ ಯಾವುದೂ ಕೆಡುವುದಿಲ್ಲ. ತಾಯ್ ಲ್ಯೂ ಅಂಕಿಯದು ನಿಜವಾದ ಇಕ್ಕಟ್ಟು. ಚರ್ಚೆಯ ಕೊನೆಗೆ ಬಂದ ತೀರ್ಮಾನ, ಮೂರಕ್ಕೂ ವಿನಾಯಿತಿ ಬೇಡ, ನಿಯಮ ಹಾಗೇ ನಡೆಯಲಿ ಎಂದು. ಹಿಂದಿನದಕ್ಕೆ ಹೊಂದಿಕೆ ಎಂಬ ಬಾಗಿಲು ಇಟ್ಟವರೇ ಅದನ್ನು ತೆರೆಯದಿರಲು ಒಪ್ಪಿದರು. ಹೊಂದಿಕೆಯನ್ನು ಕಣ್ಣುಮುಚ್ಚಿ ಪೂಜಿಸುವುದಲ್ಲ, ಯಾರಿಗೆ ಎಷ್ಟು ಪೆಟ್ಟು ಎಂದು ತೂಗಿ ನೋಡುವುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಡತ ನನಗೆ ಸಿಗಲಿಲ್ಲ. ಒಂದೇ ಕೊರತೆ ಅಂದರೆ, ತೂಗುವಾಗ ತಾಯ್ ಲ್ಯೂ ಬರೆಯುವವರು ಎಷ್ಟು ಮಂದಿ ಆ ಕೋಣೆಯಲ್ಲಿದ್ದಿರಬಹುದು ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿಯುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಪಟ್ಟಿಯ ಮೂರನೆಯ ಮೂಲಕ್ಕೆ ಬಂದೆ. ಅದು ಕಾಸರಗೋಡಿನ ಕಡೆ ಹಿಂದೆ ಡಿಟಿಪಿ ಮಾಡುತ್ತಿದ್ದ ಪರಿಚಿತರೊಬ್ಬರು ಕೊಟ್ಟ ಸಿ.ಡಿ. ಗಡಿನಾಡಿನ ಊರುಗಳ ಹೆಸರಿದ್ದ ಪುಸ್ತಕವೊಂದರ ಪೇಜ್‌ಮೇಕರ್ ಫೈಲು ಅದರಲ್ಲಿತ್ತು. ತೆರೆದರೆ ಕನ್ನಡವೇ ಇಲ್ಲ. ಫೋನ್ ಮಾಡಿದೆ.

“ಫಾಂಟು ಹಾಕಿದ್ದೀರಾ ಮಾಷ್ಟ್ರೆ?” ಎಂದರು.

“ಯಾವ ಫಾಂಟು?”

“ಅದು ಆಗಿನದ್ದು. ಆ ಕಂಪ್ಯೂಟರು ಗುಜರಿಗೆ ಹೋಯ್ತಲ್ಲ. ಫಾಂಟು ಹೋದ ಮೇಲೆ ಫೈಲು ಇದ್ದೂ ಇಲ್ಲದ ಹಾಗೆ.”

ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ. ನುಡಿ, ಬರಹ, ಶ್ರೀಲಿಪಿ, ಆಕೃತಿ ಕಾಲದ ಫಾಂಟುಗಳಲ್ಲಿ ಕನ್ನಡ ಅಕ್ಷರ ಎಂಬುದೇ ಕಂಪ್ಯೂಟರಿಗೆ ತಿಳಿದಿರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ನುಡಿಯಲ್ಲಿ ಟೈಪಾದ ‘ಕನ್ನಡ’ ಎಂಬ ಪದದ ಮೇಲಿನ ಫಾಂಟು ತೆಗೆದರೆ ಕಾಣುವುದು ದೊಡ್ಡ ಪಿ, ತಲೆಯ ಮೇಲೆ ಗೆರೆಯಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೆರೆಯ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯು, ಇನ್ನೊಂದು ಗೆರೆಯ ಎ. ‘ಮ’ ಎಂಬ ಅಕ್ಷರ ಅಲ್ಲಿ ಇಲ್ಲವೇ ಇಲ್ಲ; ‘ವ’ಕ್ಕೆ ಕೊಂಬು ಹಚ್ಚಿದರೆ ಮ. ಹಾಗಾಗಿ ವ ಹುಡುಕಿದರೆ ಮ ಸಿಗುತ್ತದೆ. ‘ಸೂರ್ಯ’ದ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಯಕಾರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಕ್ಕೆ ತಕ್ಕಂತೆ ಅದು ಮೊದಲು ಬರಬೇಕು. ಕನ್ವರ್ಟರ್ ಬರೆಯುವವರು ಪ್ರತಿ ಅರ್ಕಾವತ್ತನ್ನೂ ಎತ್ತಿ ಹಿಂದಕ್ಕೆ ಒಯ್ದು ಕೂರಿಸಬೇಕು. ನುಡಿಗೂ ಬರಹಕ್ಕೂ ಒಂದೇ ಕನ್ವರ್ಟರ್ ಸಾಕಾಗುತ್ತದೆ, ಎರಡರ ತುಂಡುಗಳ ಜೋಡಣೆ ಒಂದೇ ಆದ್ದರಿಂದ. ಶ್ರೀಲಿಪಿಗೆ ಬೇರೆ, ಆಕೃತಿಗೆ ಬೇರೆ. ಸಂಚಯ ಬಳಗ ಇಂಥ ಕನ್ವರ್ಟರನ್ನು ಮುಕ್ತವಾಗಿ ಒದಗಿಸಿರುವುದರಿಂದ ಎಷ್ಟೋ ಜನರ ಫೈಲುಗಳು ಬದುಕಿವೆ.

ಒಂದು ವಿಷಯದಲ್ಲಿ ಮಾತ್ರ ಕನ್ನಡದವರು ಹೊಂದಿಕೆಯನ್ನು ಅದ್ಭುತವಾಗಿ ಕಾಪಾಡಿಕೊಂಡರು, ಬೆರಳುಗಳ ವಿಷಯದಲ್ಲಿ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸ ನುಡಿಯಲ್ಲಿ ಬಂತು, ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ‘ಕಗಪ’ ಎಂದಾಯಿತು, ಒಳಗಿನ ಸಂಕೇತವೆಲ್ಲ ಬದಲಾಗಿ ಯೂನಿಕೋಡ್ ಆದಾಗಲೂ ಅದೇ ಉಳಿಯಿತು. ಲಿನಕ್ಸ್‌ನಲ್ಲಿದೆ, ಕನ್ನಡ ವಿಕಿಪೀಡಿಯದಲ್ಲಿದೆ. ಹಳೆಯ ನುಡಿಯಲ್ಲಿ ಟೈಪ್ ಮಾಡಲು ಕಲಿತ ಗುಮಾಸ್ತರು ಇವತ್ತೂ ಅದೇ ಬೆರಳಲ್ಲಿ ಕುಟ್ಟುತ್ತಾರೆ. ಮೇಲಿನ ಮೆಥಡ್ ಹಾಗೇ ಇಟ್ಟು ಒಳಗಿನ ಯಂತ್ರ ಬದಲಾಯಿಸುವುದು ಅಂದರೆ ಇದೇ. ಪಠ್ಯಕ್ಕೆ ಮಾತ್ರ ಆ ಭಾಗ್ಯ ಬರಲಿಲ್ಲ. ಕೆ. ಚಿದಾನಂದ ಗೌಡರ ಅಧ್ಯಕ್ಷತೆಯ ಸಮಿತಿಯ ಕೆಲಸದ ನಂತರ 2012ರಲ್ಲಿ ಕರ್ನಾಟಕ ಸರ್ಕಾರ ಯೂನಿಕೋಡನ್ನು ಒಪ್ಪಿ ಆದೇಶ ಹೊರಡಿಸಿತು. ಮುಂದಿನ ಬರಹಕ್ಕೆ ಅದು ದಾರಿ ತೋರಿತು. ಅದಕ್ಕೆ ಹಿಂದೆ ಟೈಪಾದ ರಾಶಿ ರಾಶಿ ಪುಟಗಳನ್ನು ಯಾರು, ಯಾವಾಗ ಬದಲಾಯಿಸಬೇಕು ಎಂಬುದು ಆಯಾ ಕಚೇರಿಯ, ಆಯಾ ಪ್ರಕಾಶಕರ ತಲೆನೋವಾಗಿಯೇ ಉಳಿಯಿತು.

ೞಕಾರದ ತಪ್ಪು ಹೆಸರಿನ ಬಗ್ಗೆ ಸಿಟ್ಟಾಗುವುದು ಸುಲಭ. ಆದರೆ ಅದರ ಸ್ಥಾನ 3294 ಎಂಬುದು ಎಂದೂ ಬದಲಾಗದು ಎಂಬ ಮಾತು ಇರುವುದರಿಂದ, ಇವತ್ತು ೞ ಬಳಸಿ ಟೈಪ್ ಮಾಡಿದ ಪಂಪನ ಕಾವ್ಯ ನೂರು ವರ್ಷದ ನಂತರವೂ ಹಾಗೇ ತೆರೆದುಕೊಳ್ಳುತ್ತದೆ. ತುಂಡು ಫಾಂಟುಗಳ ಕಾಲದಲ್ಲಿ ಹೆಸರು ತಪ್ಪಿರಲಿಲ್ಲ, ಹೆಸರೇ ಇರಲಿಲ್ಲ, ಮಾತು ಕೊಟ್ಟವರೂ ಇರಲಿಲ್ಲ. ಇವೆರಡರಲ್ಲಿ ಆರಿಸು ಎಂದರೆ ನಾನು ತಪ್ಪು ಹೆಸರಿನ ಖಾಯಂ ಅಕ್ಷರವನ್ನೇ ಆರಿಸುತ್ತೇನೆ. ಹೊಸ ವಿಧಾನ ತರುವವರು ಹಳೆಯದನ್ನು ಹೊಸದಕ್ಕೆ ಹೊಂದಿಸುವ ಕೋಷ್ಟಕವನ್ನು ಅದೇ ದಿನ ಪ್ರಕಟಿಸಲಿ. ಅಲ್ಲಿಯವರೆಗೆ ಹಳೆಯದನ್ನು ಮುಟ್ಟದಿರಲಿ.

ನನ್ನ ಪಟ್ಟಿಯಲ್ಲಿ ಕಲ್ಲೂರಿನ ಮಲಯಾಳ ಹೆಸರು ಹಳೆಯ ಚಿಲ್ಲಿನಲ್ಲೂ ಹೊಸ ಚಿಲ್ಲಿನಲ್ಲೂ ಇದೆ, ಎರಡೂ ಒಂದೇ ಊರು ಎಂಬ ಟಿಪ್ಪಣಿಯೊಡನೆ. ಪಂಚಾಯಿತಿಯ ಹೆಸರನ್ನು ೞ ಬಳಸಿಯೇ ಬರೆದಿದ್ದೇನೆ, ಪಕ್ಕದಲ್ಲಿ ಳಕಾರದ ರೂಪವನ್ನೂ ಕೊಟ್ಟಿದ್ದೇನೆ. ಪ್ರೋಗ್ರಾಂಗೆ ಎರಡು ವಿನಾಯಿತಿ ಸೇರಿಸಬೇಕಾಯಿತು, ಅಷ್ಟೇ.

ನಿಮ್ಮಲ್ಲಿ ಅಥವಾ ನಿಮ್ಮ ಊರಿನ ಸಂಘ, ಶಾಲೆ, ಮುದ್ರಣಾಲಯದಲ್ಲಿ ಹಳೆಯ ಫಾಂಟಿನ ಫೈಲುಗಳಿದ್ದರೆ ದಯವಿಟ್ಟು ಈ ವರ್ಷವೇ ತೆಗೆದು ನೋಡಿ. ಮೂಲ ಫೈಲನ್ನು ಅಳಿಸಬೇಡಿ. ಅದರ ಫಾಂಟು ಸಿಕ್ಕಿದರೆ ಅದನ್ನೂ ಅದೇ ಫೋಲ್ಡರಿನಲ್ಲಿ ಇಡಿ, ಯೂನಿಕೋಡ್‌ಗೆ ಬದಲಾಯಿಸಿದ ಪ್ರತಿಯನ್ನು ಪಕ್ಕದಲ್ಲಿಡಿ. ಯಾವ ತಂತ್ರಾಂಶ, ಯಾವ ಫಾಂಟು, ಯಾವ ಇಸವಿ ಎಂದು ಒಂದು ಸಾಲು ಬರೆದಿಡಿ. ಸಿ.ಡಿ. ಓದುವ ಯಂತ್ರಗಳು ಅಂಗಡಿಗಳಿಂದ ಈಗಾಗಲೇ ಮಾಯವಾಗುತ್ತಿವೆ.